ಹೊಸ ಕಾರಿನ ಜೊತೆ ಕನ್ನಡದ ಕೈಪಿಡಿಯೂ ಬರಲಿ

ಮಾನ್ಯ ಸಂಪಾದಕರೇ,

ಹೊಸ ಕಾರನ್ನು ಗ್ರಾಹಕರ ಕೈಗೊಪ್ಪಿಸುವ ಕಾರ್ಯಕ್ರಮ ಈಗ ಜಿಲ್ಲಾ ಕೇಂದ್ರಗಳ ಶೋರೂಂಗಳಲ್ಲೂ ಸಂಭ್ರಮದಿಂದಲೇ ನಡೆಯುತ್ತದೆ. ಕಾರಿಗೆ ಹೊದಿಸಿದ ಬಟ್ಟೆ ಸರಿಸಿ, ಕೇಕ್ ಕತ್ತರಿಸಿ, ರಟ್ಟಿನ ದೊಡ್ಡ ಕೀಲಿ ಹಿಡಿದು ಮನೆಮಂದಿಯೆಲ್ಲ ಫೋಟೊ ತೆಗೆಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವ ಹೊತ್ತಿಗೆ ಕಾರಿನ ಬಗ್ಗೆ ವಿವರಿಸಲು ಉಳಿಯುವುದು ಕೆಲವೇ ನಿಮಿಷ. ಅವೂ ಮೊಬೈಲನ್ನು ಪರದೆಗೆ ಜೋಡಿಸುವುದು ಹೇಗೆಂದು ತೋರಿಸುವುದರಲ್ಲೇ ಕಳೆಯುತ್ತವೆ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನೆಂಬ ಕಾರಣಕ್ಕೆ ನೆರೆಹೊರೆಯವರೂ ಹಳೆಯ ವಿದ್ಯಾರ್ಥಿಗಳೂ ಕಾರಿನ ಸಂದೇಹಗಳನ್ನು ನನ್ನ ಬಳಿ ತರುತ್ತಾರೆ. ಅವುಗಳಲ್ಲಿ ಹೆಚ್ಚಿನವು ದುರಸ್ತಿಗೆ ಸಂಬಂಧಿಸಿದವಲ್ಲ. ಡ್ಯಾಶ್‌ಬೋರ್ಡಿನ ದೀಪಗಳು, ಎ.ಸಿ.ಯ ಗುಂಡಿಗಳು ಮತ್ತು ಟೈರಿನ ಮೇಲಿನ ಬರಹ ಏನು ಹೇಳುತ್ತವೆ ಎಂಬುದು ತಿಳಿಯದೆ ಹುಟ್ಟಿದವು. ಇದು ಕೊಂಡವರ ತಪ್ಪಲ್ಲ, ಅವರಿಗೆ ತಿಳಿಸಿಕೊಡಬೇಕಾದವರು ತಮ್ಮ ಕೆಲಸ ಮಾಡುತ್ತಿಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

ಡ್ಯಾಶ್‌ಬೋರ್ಡಿನ ದೀಪಗಳ ಬಣ್ಣಕ್ಕೆ ಒಂದು ಕ್ರಮವಿದೆ. ಹಸಿರು, ನೀಲಿ ದೀಪಗಳು ಯಾವುದೋ ಒಂದು ವ್ಯವಸ್ಥೆ ಚಾಲೂ ಆಗಿದೆ ಎಂದಷ್ಟೇ ತಿಳಿಸುತ್ತವೆ. ಹಳದಿ ದೀಪ ಬೇಗನೆ ಪರೀಕ್ಷಿಸಿಕೊಳ್ಳಿ ಎನ್ನುತ್ತದೆ. ಕೆಂಪು ದೀಪ ಈಗಲೇ ಗಮನಿಸಿ ಎನ್ನುತ್ತದೆ. ಇಷ್ಟು ಗೊತ್ತಿರುವವರೂ ಎಣ್ಣೆಯ ಕ್ಯಾನಿನಂತಿರುವ ಕೆಂಪು ಚಿಹ್ನೆಯ ವಿಷಯದಲ್ಲಿ ಎಡವುತ್ತಾರೆ. ಎಂಜಿನ್ ಆಯಿಲ್ ಸ್ವಲ್ಪ ಕಡಿಮೆಯಾಗಿರಬೇಕು, ಊರು ತಲುಪಿದ ಮೇಲೆ ಹಾಕಿಸಿದರಾಯಿತು ಎಂದುಕೊಳ್ಳುತ್ತಾರೆ. ಆ ದೀಪ ಹೇಳುವುದು ಆಯಿಲ್‌ನ ಮಟ್ಟವನ್ನಲ್ಲ, ಅದರ ಒತ್ತಡವನ್ನು. ಒತ್ತಡವಿಲ್ಲವೆಂದರೆ ವೇಗವಾಗಿ ಸುತ್ತುವ ಬೇರಿಂಗುಗಳಿಗೆ ಆಯಿಲ್ ತಲುಪುತ್ತಿಲ್ಲ; ಹಾಗೆಯೇ ಮುಂದೆ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಜಖಂಗೊಳ್ಳಬಹುದು. ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜು ತಲುಪಬಹುದು, ಆದರೆ ಅದೇ ದೀಪ ಮಿನುಗುತ್ತಿದ್ದರೆ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೊಗೆಕೊಳವೆಯಲ್ಲಿರುವ, ಹೊಗೆಯ ವಿಷವನ್ನು ತಗ್ಗಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತಿದೆ ಎಂದರ್ಥ.

ಕೀಲಿ ತಿರುಗಿಸಿದ ಕೂಡಲೇ ಈ ದೀಪಗಳೆಲ್ಲ ಒಮ್ಮೆ ಹೊತ್ತಿ, ಬಳಿಕ ಒಂದೊಂದಾಗಿ ಆರುವುದು ಒಂದು ಪರೀಕ್ಷೆ. ಹಳೆಯ ಕಾರು ಕೊಳ್ಳುವವರು ಇದನ್ನು ಗಮನಿಸಲೇಬೇಕು. ಏರ್‌ಬ್ಯಾಗಿನ ದೀಪ ಹೊತ್ತಿಕೊಂಡೇ ಇದ್ದರೆ ತೊಂದರೆ ಇದೆ ಎಂದು ಎಲ್ಲರಿಗೂ ತೋಚುತ್ತದೆ. ಅದು ಹೊತ್ತಿಕೊಳ್ಳಲೇ ಇಲ್ಲವೆಂದರೆ ಯಾರೋ ದೀಪವನ್ನೇ ತೆಗೆದಿರಬಹುದು ಎಂಬ ಅನುಮಾನ ಮಾತ್ರ ಹೆಚ್ಚಿನವರಿಗೆ ಬರುವುದಿಲ್ಲ.

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ಮಾನದಂಡ ಜಾರಿಗೆ ಬಂದ ಬಳಿಕ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಶೋಧಕದ ದೀಪವೊಂದು ಸೇರಿಕೊಂಡಿದೆ. ಬೆಂಗಳೂರಿನ ದಟ್ಟಣೆಯಲ್ಲಿ ತೆವಳುವ ಕಾರಿನಲ್ಲಿ ಈ ಶೋಧಕ ತುಂಬಿಕೊಳ್ಳುತ್ತದೆ. ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಒಳಗಿನ ಮಸಿ ತಾನೇ ಸುಟ್ಟುಹೋಗಿ ದೀಪ ಆರುತ್ತದೆ. ಇದನ್ನು ಅರಿಯದೆ ವಾರಗಟ್ಟಲೆ ದೀಪವನ್ನು ಕಡೆಗಣಿಸಿದವರು ಕೊನೆಗೆ ಶೋಧಕವನ್ನೇ ಬದಲಿಸುವ ಖರ್ಚಿಗೆ ಸಿಕ್ಕಿಬೀಳುತ್ತಾರೆ. ಇನ್ನು ಸದ್ದು ಮಾಡುವ ಎಚ್ಚರಿಕೆಗಳು. 2019ರ ಜುಲೈ ನಂತರ ತಯಾರಾದ ಕಾರುಗಳು 80 ಕಿಲೋಮೀಟರ್ ವೇಗ ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಬೀಪ್ ಎನ್ನುತ್ತವೆ. ಸೀಟ್ ಬೆಲ್ಟಿನ ಸದ್ದನ್ನು ಅಡಗಿಸಲೆಂದೇ ಮಾರುತ್ತಿದ್ದ ಕ್ಲಿಪ್ಪುಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಹೊರಡಿಸಬೇಕಾಯಿತು. ಎಚ್ಚರಿಕೆಯ ಅರ್ಥ ತಿಳಿಸದೆ ಎಚ್ಚರಿಕೆಯನ್ನು ಮಾತ್ರ ಕಡ್ಡಾಯ ಮಾಡಿದರೆ ಜನ ಅದನ್ನು ಕಿರಿಕಿರಿ ಎಂದೇ ತಿಳಿಯುತ್ತಾರೆ.

ಎ.ಸಿ.ಯ ವಿಷಯಕ್ಕೆ ಬಂದರೆ, ಅದು ತಂಪು ಕೊಡುವ ಯಂತ್ರ ಮಾತ್ರ ಎಂಬ ನಂಬಿಕೆಯೇ ಮಳೆಗಾಲದಲ್ಲಿ ಅಪಾಯ ತರುತ್ತದೆ. ಗಾಳಿ ತಣ್ಣಗಿನ ಸುರುಳಿಯ ಮೇಲೆ ಹಾದುಹೋಗುವಾಗ ಅದರಲ್ಲಿನ ತೇವ ನೀರಾಗಿ ಇಳಿದು ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ಆ ನೀರನ್ನು ಕಂಡು ಏನೋ ಸೋರುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಆಷಾಢದ ಮಳೆಯಲ್ಲಿ ಸಕಲೇಶಪುರದ ಕಡೆ ಹೊರಟಾಗ ಒಳಗಿರುವವರ ಉಸಿರಿನಿಂದಲೇ ಮುಂದಿನ ಗಾಜು ಮಂಜಾಗುತ್ತದೆ. ಚಳಿ ಎಂದು ಎ.ಸಿ. ಆರಿಸಿ, ಹೊರಗಿನ ಗಾಳಿಯನ್ನೂ ತಡೆದು, ಒಂದು ಕೈಯಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತ ಶಿರಾಡಿ ಘಾಟಿಯಲ್ಲಿ ಕಾರು ಓಡಿಸುವವರನ್ನು ಇವತ್ತಿಗೂ ಕಾಣಬಹುದು. ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ: ಎ.ಸಿ. ಚಾಲೂ ಇರಬೇಕು, ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಬೇಕು, ಹೊರಗಿನ ಗಾಳಿ ಒಳಬರಬೇಕು, ಚಳಿಯಾದರೆ ಉಷ್ಣತೆಯ ಗುಂಡಿಯನ್ನು ಕೆಂಪು ಕಡೆಗೆ ತಿರುಗಿಸಬೇಕು. ಎ.ಸಿ.ಯನ್ನೂ ಹೀಟರನ್ನೂ ಒಟ್ಟಿಗೆ ಹಾಕುವುದು ವಿಚಿತ್ರವೆನಿಸಿದರೂ ತೇವ ತೆಗೆದ ಬೆಚ್ಚನೆಯ ಗಾಳಿಯಷ್ಟು ಬೇಗ ಗಾಜನ್ನು ತಿಳಿಯಾಗಿಸುವ ಉಪಾಯ ಕಾರಿನೊಳಗೆ ಬೇರೊಂದಿಲ್ಲ.

ಘಾಟಿ ಇಳಿದು ಉಪ್ಪಿನಂಗಡಿಯ ಕಡೆ ಬಂದಾಗ ಪರಿಸ್ಥಿತಿ ಅದಲುಬದಲಾಗುತ್ತದೆ. ಅಲ್ಲಿನ ಗಾಳಿ ಬೆಚ್ಚಗಿದ್ದು ತೇವ ತುಂಬಿರುತ್ತದೆ, ಎ.ಸಿ.ಯಿಂದ ಗಾಜು ತಣ್ಣಗಾಗಿರುತ್ತದೆ. ಈಗ ಮಂಜು ಕಟ್ಟುವುದು ಗಾಜಿನ ಹೊರಮೈಗೆ. ಒಳಗಿನಿಂದ ಎಷ್ಟು ಒರೆಸಿದರೂ ಅದು ಹೋಗದು. ವೈಪರ್ ಹಾಕಿ, ತಣ್ಣನೆಯ ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಿ, ಒಳಗಿನ ಉಷ್ಣತೆಯನ್ನು ಸ್ವಲ್ಪ ಏರಿಸಿದರೆ ಸಾಕು. ಮಂಜು ಯಾವ ಬದಿಯಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ನೋಡುವುದು ಮೊದಲ ಕೆಲಸ ಎಂಬ ಒಂದೇ ಮಾತನ್ನು ಶೋರೂಂನವರು ಹೇಳಿಕೊಟ್ಟಿದ್ದರೂ ಎಷ್ಟೋ ಉಪಕಾರವಾಗುತ್ತಿತ್ತು.

ಕಾರಿನ ಚಿತ್ರದೊಳಗೆ ಬಾಣ ತಿರುಗಿರುವ ಗುಂಡಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬೇಗ ತಂಪಾಗಲು, ಲಾರಿಯ ಹೊಗೆಯ ಹಿಂದೆ ಸಿಕ್ಕಿಕೊಂಡಾಗ ಅದು ಬೇಕು. ಐದು ಜನ ಕೂತು ಗಂಟೆಗಟ್ಟಲೆ ಅದರಲ್ಲೇ ಸಾಗಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತ ಹೋಗಿ ಚಾಲಕನಿಗೆ ಮಂಪರು ಕವಿಯಬಹುದು, ಆದ್ದರಿಂದ ನಡುನಡುವೆ ಹೊರಗಿನ ಗಾಳಿ ಬಿಟ್ಟುಕೊಳ್ಳಬೇಕು. ಹೀಟರಿಗೆ ಇನ್ನೊಂದು ಉಪಯೋಗವೂ ಇದೆ. ಅದರ ಶಾಖ ಬರುವುದು ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವದಿಂದ. ಹಳೆಯ ಕಾರೊಂದು ಘಾಟಿ ಏರುವಾಗ ಎಂಜಿನ್ ಬಿಸಿಯೇರತೊಡಗಿದರೆ ಎ.ಸಿ. ಆರಿಸಿ ಹೀಟರನ್ನು ಪೂರ್ತಿ ಹಾಕಿದಾಗ ಶಾಖದ ಒಂದು ಪಾಲು ಕಾರಿನೊಳಕ್ಕೆ ಬಂದು, ಸುರಕ್ಷಿತ ಜಾಗ ಸಿಗುವವರೆಗೆ ಸ್ವಲ್ಪ ಸಮಯ ದೊರೆಯುತ್ತದೆ.

ಟೈರಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿ. ಸಾಮಾನ್ಯ ಕಾರೊಂದರ ಟೈರಿನ ಮೇಲೆ 185/65 ಆರ್ 15 88 ಎಚ್ ಎಂದಿರುತ್ತದೆ ಎಂದುಕೊಳ್ಳೋಣ. ಟೈರಿನ ಅಗಲ 185 ಮಿಲಿಮೀಟರ್; ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65; ಆರ್ ಎಂದರೆ ರೇಡಿಯಲ್ ಎಂಬ ಟೈರಿನ ರಚನೆ; ಟೈರು ಕೂರುವ ರಿಮ್ಮಿನ ವ್ಯಾಸ 15 ಇಂಚು. ಇಲ್ಲಿಯವರೆಗೆ ಟೈರ್ ಅಂಗಡಿಯವರೆಲ್ಲ ಹೇಳುತ್ತಾರೆ. ಕೊನೆಯ ಎರಡನ್ನು ಮಾತ್ರ ಬಹಳಷ್ಟು ಮಂದಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. 88 ಎಂಬುದು ಭಾರದ ಸೂಚ್ಯಂಕ, ಅಂದರೆ ಆ ಒಂದು ಟೈರು 560 ಕಿಲೋ ಹೊರಬಲ್ಲದು. ಅಗ್ಗಕ್ಕೆ ಸಿಕ್ಕಿತೆಂದು 82ರ ಟೈರು ಹಾಕಿಸಿದರೆ ಆ ಮಿತಿ 475 ಕಿಲೋಗೆ ಇಳಿಯುತ್ತದೆ. ಕೊನೆಯ ಅಕ್ಷರ ಟೈರಿನ ಗರಿಷ್ಠ ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್, ಟಿ ಎಂದರೆ 190, ಎಸ್ ಎಂದರೆ 180.

ನಾವು 100 ದಾಟುವುದೇ ಇಲ್ಲ, 210ರ ಮಾತೇಕೆ ಎಂದು ಕೇಳುವವರಿದ್ದಾರೆ. ಸರಿಯಾಗಿ ಗಾಳಿ ತುಂಬಿದ ಹೊಸ ಟೈರನ್ನು ಪ್ರಯೋಗಾಲಯದಲ್ಲಿ ಓಡಿಸಿ ಕೊಡುವ ಅಕ್ಷರ ಅದು. ಟೈರು ಎಷ್ಟು ಶಾಖ ತಡೆಯಬಲ್ಲದು ಎಂಬುದರ ಅಳತೆ. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಬಿಸಿಯಾಗುತ್ತದೆ, ಭಾರ ಹೆಚ್ಚಿದರೆ ಇನ್ನಷ್ಟು ಬಿಸಿಯಾಗುತ್ತದೆ, ಆಗ ಆ ಅಕ್ಷರದ ಭರವಸೆ ನಿಲ್ಲುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ವಿಧಿಸಿರುವ 100 ಕಿಲೋಮೀಟರ್ ಮಿತಿಯೊಳಗೇ ಹೋಗುತ್ತಿದ್ದರೂ, ಗಾಳಿ ಇಳಿದ ಟೈರು ಎಡೆಬಿಡದ ಓಟದಲ್ಲಿ ಒಡೆಯಬಹುದು. ಹೀಗಿರುವಾಗ ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಿ ಎಂಬ ಸಲಹೆ ಪೆಟ್ರೋಲ್ ಬಂಕುಗಳಲ್ಲಿ ಇಂದಿಗೂ ಉಚಿತವಾಗಿ ಸಿಗುತ್ತದೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಓಡಿದ ಟೈರಿನಲ್ಲಿ ಒತ್ತಡ ಸ್ವಲ್ಪ ಏರುವುದು ಸಹಜ. ತಯಾರಕರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಣ್ಣಗಿನ ಟೈರಿಗೆ ಬೇಕಾದ ಒತ್ತಡವನ್ನು ನಿಗದಿಪಡಿಸಿರುತ್ತಾರೆ. ಆ ಅಂಕಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೌಕಟ್ಟಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ, ಅನೇಕ ಕಾರುಗಳಲ್ಲಿ ಪೂರ್ತಿ ಜನ ಕೂತಾಗಿನ ಅಂಕಿ ಬೇರೆಯಾಗಿಯೇ ಇರುತ್ತದೆ. ಟೈರಿನ ಮೈಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ಹಾಕಿಸಬಾರದು.

ಅಂದಕ್ಕೆಂದು ಅಗಲ ಟೈರು ಹಾಕಿಸುವವರಿಗೆ ಒಂದು ಲೆಕ್ಕ. 185/65 ಆರ್ 15ರ ಜಾಗದಲ್ಲಿ 205/65 ಆರ್ 15 ಹಾಕಿದರೆ ಟೈರಿನ ವ್ಯಾಸ ಸುಮಾರು 621 ಮಿಲಿಮೀಟರಿನಿಂದ 647ಕ್ಕೆ ಏರುತ್ತದೆ. ಕಾರು ವೇಗವನ್ನು ಅಳೆಯುವುದು ಚಕ್ರದ ಸುತ್ತುಗಳಿಂದಾದ್ದರಿಂದ, ಮುಳ್ಳು ಅದೇ ಅಂಕಿ ತೋರಿಸುವಾಗ ಕಾರು ಮೊದಲಿಗಿಂತ ಶೇ 4ರಷ್ಟು ಹೆಚ್ಚು ವೇಗದಲ್ಲಿರುತ್ತದೆ.

ಟೈರು ತಯಾರಾದ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ: 2319 ಎಂದರೆ 2019ರ 23ನೇ ವಾರ. ಓಡದ ಸ್ಟೆಪ್ನಿಗೂ ವಯಸ್ಸಾಗುತ್ತದೆ ಎಂಬುದು ಈ ಅಂಕಿ ನೋಡಿದಾಗಲೇ ಅರಿವಾಗುವುದು. ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಸವೆದಾಗ ಅವುಗಳೊಳಗಿನ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮವಾಗುತ್ತವೆ, ಆಮೇಲೆ ಆ ಟೈರು ರಸ್ತೆಗೆ ಬರಬಾರದು. ಕೆಲವು ಟೈರುಗಳ ಮೇಲೆ ಸವೆತ, ಹಿಡಿತ, ಶಾಖ ಎಂಬ ಮೂರು ದರ್ಜೆಗಳೂ ಇರುತ್ತವೆ. ಅವು ಅಮೆರಿಕದ ಪದ್ಧತಿಯವು. ಹಿಡಿತದ ದರ್ಜೆ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನದು, ಘಾಟಿಯ ತಿರುವಿನ ಬಗ್ಗೆ ಅದು ಏನನ್ನೂ ಹೇಳದು. ನಮ್ಮ ಇಂಧನ ದಕ್ಷತಾ ಬ್ಯೂರೊ ಟೈರುಗಳಿಗೆ ಕೊಡುವ ನಕ್ಷತ್ರಗಳು ಇಂಧನ ಉಳಿತಾಯಕ್ಕೆ ಸಂಬಂಧಿಸಿದವು. ಅವನ್ನು ಸುರಕ್ಷತೆಯ ನಕ್ಷತ್ರಗಳೆಂದು ಮಾರುವವರಿದ್ದರೆ ನಂಬಬಾರದು. ಒತ್ತಡ ಅಳೆಯುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲೇ ನಿಯಮ ಬದಲಾಗಿದೆ. ಸ್ಟೆಪ್ನಿ ಇಲ್ಲದ ಕಾರಿನವರಿಗೆ ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪ ಟೈರಿನ ಗಾಳಿ ಇಳಿದಿದೆ ಎನ್ನುತ್ತದೆಂಬುದು ಗೊತ್ತಿರಲೇಬೇಕು.

ಇವೆಲ್ಲವನ್ನೂ ಕಲಿಸಲು ಹೊಸ ಕಾನೂನು ಬೇಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮ ಚಾಲನಾ ತರಬೇತಿ ಶಾಲೆಗಳಿಗೆ ಗೊತ್ತುಪಡಿಸಿದ ಪಠ್ಯದಲ್ಲಿ ಡ್ಯಾಶ್‌ಬೋರ್ಡು ಮತ್ತು ಮಾಪಕಗಳ ಪರಿಚಯ ಈಗಾಗಲೇ ಇದೆ. ಪರೀಕ್ಷೆಯಲ್ಲಿ ಕೇಳದ ಪಾಠವನ್ನು ಯಾವ ಶಾಲೆಯೂ ಮನಸ್ಸಿಟ್ಟು ಕಲಿಸುವುದಿಲ್ಲ ಎಂಬುದನ್ನು ಶಿಕ್ಷಕನಾಗಿದ್ದ ನಾನು ಬಲ್ಲೆ. ಆದ್ದರಿಂದ ಸಾರಿಗೆ ಇಲಾಖೆ ಕಲಿಕಾ ಪರವಾನಗಿಯ ಪರೀಕ್ಷೆಯಲ್ಲಿ ರಸ್ತೆಯ ಸಂಚಾರ ಚಿಹ್ನೆಗಳ ಜೊತೆಗೆ ಎರಡು ಎಚ್ಚರಿಕೆ ದೀಪಗಳು ಮತ್ತು ಟೈರಿನ ಒಂದು ಬರಹದ ಬಗ್ಗೆಯಾದರೂ ಕೇಳುವಂತಾಗಬೇಕು.

ಕಾರು ಕಂಪನಿಗಳಿಗೂ ಒಂದು ಮಾತು ಹೇಳಬೇಕಿದೆ. ನನ್ನ ಕೈಗೆ ಬಂದ ಮಾಲೀಕರ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಕೆಲವು ಹಿಂದಿಯಲ್ಲೂ ಇದ್ದವು. ಕನ್ನಡದ್ದೊಂದನ್ನು ನಾನು ಕಂಡಿಲ್ಲ. ಹಾಸನದ ಟ್ಯಾಕ್ಸಿ ನಿಲ್ದಾಣದಲ್ಲಿ ಹಳದಿ ಬೋರ್ಡಿನ ಕಾರು ಓಡಿಸಿ ಸಂಸಾರ ಸಾಕುವ ಚಾಲಕರಲ್ಲಿ ಹೆಚ್ಚಿನವರು ಓದುವುದು ಕನ್ನಡವನ್ನೇ. ಕನ್ನಡದಲ್ಲಿ ಜಾಹೀರಾತು ಕೊಡಲು ಸಾಧ್ಯವಿರುವ ಕಂಪನಿಗೆ ಎಚ್ಚರಿಕೆ ದೀಪ, ಎ.ಸಿ. ಮತ್ತು ಟೈರು ಎಂಬ ಮೂರು ಅಧ್ಯಾಯಗಳನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸುವುದು ಭಾರವಾಗಲಾರದು. ಇಡೀ ಪುಸ್ತಕ ಆಮೇಲೆ ಬಂದರೂ ಚಿಂತೆಯಿಲ್ಲ, ಈ ಮೂರು ಅಧ್ಯಾಯಗಳು ಮುಂದಿನ ಮಳೆಗಾಲದೊಳಗೆ ಮಾರಾಟವಾಗುವ ಪ್ರತಿ ಕಾರಿನಲ್ಲೂ ಇರಬೇಕೆಂದು ಸಾರಿಗೆ ಇಲಾಖೆ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸೇರಿ ಕಂಪನಿಗಳನ್ನು ಒತ್ತಾಯಿಸಲಿ.

— ಐಟಿಐ ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಹಾಸನ