ನೀನು ಹೇಳಡ ಅಂದಿದ್ದೆ, ನಾನು ಹೇಳಿಬಿಟ್ಟೆ

ಎಡಿನ್‌ಬರೋ
ಅಕ್ಟೋಬರ್ 5, 2025

ತೀರ್ಥರೂಪ ಅಪ್ಪಯ್ಯನಿಗೂ ಮಾತೃಶ್ರೀ ಆಯಿಗೂ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಯುವುದು. ತಂಗಿ ನಗುತ್ತಾಳೆ, ನಗಲಿ. ಅಜ್ಜ ಕಲಿಸಿದ ಈ ಸಾಲು ನನಗೆ ಬಹಳ ಇಷ್ಟ. ಮಾತು ಎಲ್ಲಿಂದ ಶುರುವಾಗಬೇಕು ಎಂಬುದು ಕಾಗದಕ್ಕೆ ಗೊತ್ತಿರುತ್ತದೆ, ಫೋನಿಗೆ ಗೊತ್ತಿರುವುದಿಲ್ಲ. ಮನೆಮಾತಿನಲ್ಲೇ ಬರೆಯೋಣವೆಂದು ಕೂತರೆ ಕೈ ಓಡಲಿಲ್ಲ, ಅದಕ್ಕೇ ಈ ಪುಸ್ತಕದ ಕನ್ನಡ.

ಹೋದ ಭಾನುವಾರ ಆಯಿ ಹೇಳಿದಳಲ್ಲ, ಕೆಳಗಿನಮನೆ ಮಾಣಿ ಡಿಗ್ರಿ ಕಾಲೇಜು ಬಿಟ್ಟು ಮನೆಯಲ್ಲೇ ಕೂತಿದ್ದಾನೆ ಅಂತ. ಹೊಸ ಲೆಕ್ಚರರ್ ಎಬ್ಬಿಸಿ ಊರು, ಹೆಸರು ಕೇಳಿದ್ದಕ್ಕೆ ಬಾಯೇ ಬಿಡದೆ ನಿಂತನಂತೆ, ಕ್ಲಾಸೆಲ್ಲ ನಕ್ಕಿತಂತೆ, ಮಾರನೆ ದಿನದಿಂದ ಬಸ್ಸು ಹತ್ತಲಿಲ್ಲವಂತೆ. ಅವನಪ್ಪ "ಸೊಕ್ಕು" ಅನ್ನುತ್ತಾನಂತೆ. ಅಷ್ಟು ಕೇಳಿದ ಮೇಲೆ ನನಗೆ ಮಾತು ಹೊರಡಲಿಲ್ಲ. ಲೈನು ಕಟ್ಟಾಯಿತೆಂದು ನೀವಿಬ್ಬರೂ ಸರದಿಯ ಮೇಲೆ ಹಲೋ ಹಲೋ ಎಂದು ಇಟ್ಟುಬಿಟ್ಟಿರಿ. ಲೈನು ಇತ್ತು. ಹೇಳಬೇಕಾದ್ದು ಬಾಯಿಗೆ ಬರಲು ಒಂದು ವಾರ ಹಿಡಿಯಿತು, ಅಷ್ಟೆ.

ಮೊದಲು ತಪ್ಪೊಪ್ಪಿಗೆ. ಸಿರ್ಸಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಚೀಲದ ಜಿಪ್ಪು ಸರಿಮಾಡುವ ನೆಪದಲ್ಲಿ ಆಯಿ ಕಿವಿಯಲ್ಲಿ ಹೇಳಿದ್ದು, "ಅಲ್ಲಿ ಯಾರ ಹತ್ರನೂ ಹೇಳಡ." ನಾನು "ಆತು" ಅಂದಿದ್ದೆ. ಆಯಿ, ಹೇಳಿಬಿಟ್ಟೆ, ನನಗೆ ಆಟಿಸಂ ಇದೆ ಅಂತ. ನಾಲ್ಕು ಜನ ಮೇಷ್ಟ್ರಿಗೆ, ಅದೂ ಬರವಣಿಗೆಯಲ್ಲಿ, ಕ್ಲಾಸು ಶುರುವಾಗುವ ಮೊದಲೇ.

ಊರಲ್ಲಿ ಹೇಳುವ ಪ್ರಸಂಗ ಬಾರದ್ದಕ್ಕೆ ಕಾರಣ ನನಗೆ ಇಲ್ಲಿಗೆ ಬಂದ ಮೇಲೆ ಹೊಳೆಯಿತು. ನಮ್ಮಲ್ಲಿ ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಂತರೆ ಮರ್ಯಾದೆಸ್ತ ಕೂಸು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಪಾಪದ ಕೂಸು. ಮದುವೆಮನೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಗದ್ದಲ ಮಾಡುವಾಗ ಹಿತ್ತಲಲ್ಲಿ ಬಾಳೆಎಲೆ ಒರೆಸುತ್ತ ಕೂತರೆ ಕೆಲಸಗಾತಿ. ಎಲ್ಲದಕ್ಕೂ ಒಂದೊಂದು ಒಳ್ಳೆಯ ಹೆಸರು ಸಿಕ್ಕಿತು, ನಿಜವಾದ ಹೆಸರು ಸಿಗಲು ಹದಿನೇಳು ವರ್ಷ ಬೇಕಾಯಿತು. ನಿಮ್ಹಾನ್ಸ್‌ಗೆ ಹೋಗಿ ಬಂದು ಊರಿಗೆಲ್ಲ "ಬೆಂಗಳೂರಲ್ಲಿ ಉಪನಯನ ಇತ್ತು" ಎಂದದ್ದು, "ಅಮಾಸೆ ದಿನ ಯಾರದ್ದು ಉಪನಯನ?" ಎಂದು ದೊಡ್ಡತ್ತೆ ಕೇಳಿದಾಗ ಅಪ್ಪಯ್ಯ ದನಕ್ಕೆ ಹುಲ್ಲು ಹಾಕಲು ಎದ್ದು ಹೋದದ್ದು, ನನಗೆ ಈಗಲೂ ನಗು.

ಇಲ್ಲಿ ಆ ಒಳ್ಳೆಯ ಹೆಸರುಗಳು ನಡೆಯುವುದಿಲ್ಲ. ಮುಖ ನೋಡದೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕು, ಸರ್ ಅಂದರೆ ಅವರಿಗೆ ಇರುಸುಮುರುಸು. ಅರವತ್ತು ದಾಟಿದವರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಅವರಾಗಿ ನನ್ನ ಕಡೆ ತಿರುಗುವವರೆಗೆ ಪಕ್ಕದಲ್ಲಿ ನಿಂತಿರುತ್ತೇನೆ. ಒಮ್ಮೆ ಆರು ನಿಮಿಷ ನಿಂತಿದ್ದೆ.

ಹೊಸ ಮೇಷ್ಟ್ರು ಅಂದರೆ ನನಗೆ ಯಾಕೆ ಅಷ್ಟು ಕಷ್ಟ ಎಂದು ಆಯಿ ಎಷ್ಟೋ ಸಲ ಕೇಳಿದ್ದಾಳೆ. ಪಾಠ ಕಷ್ಟವಲ್ಲ. ಅವರ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ತಮಾಷೆಗೆ ಹೇಳಿದ್ದು ಯಾವುದು, ನಿಜವಾಗಿ ಹೇಳಿದ್ದು ಯಾವುದು, "ಯಾವಾಗ ಬೇಕಾದರೂ ಬಾ" ಅಂದರೆ ಯಾವಾಗ, "ಏನಾದರೂ ಪ್ರಶ್ನೆ ಇದೆಯೇ" ಅಂದರೆ ಎಷ್ಟು ಪ್ರಶ್ನೆ ಕೇಳಬಹುದು, ಇವೆಲ್ಲ ಒಬ್ಬೊಬ್ಬರದು ಒಂದೊಂದು ಥರ. ಬೇರೆಯವರಿಗೆ ಎರಡು ದಿನದಲ್ಲಿ ತಾನಾಗಿ ತಿಳಿಯುತ್ತದೆ. ನಾನು ಒಂದೊಂದನ್ನೂ ಕೂತು ಲೆಕ್ಕ ಹಾಕಬೇಕು. ಆ ಲೆಕ್ಕ ಮುಗಿಯುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ಸರ್ಕಾರಿ ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಅನ್ನುತ್ತಾರೆ, ತನ್ನಲ್ಲೇ ಲೀನವಾಗಿರುವುದು. ಯಾರು ಮಾಡಿದ ಪದವೋ. ನಾನೆಲ್ಲಿ ಲೀನ? ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಹಿಂದಿನ ಬೆಂಚಿನವನ ಜಾಕೆಟ್ಟಿನ ಸರಸರ, ಯಾರದೋ ಕಾಫಿಯ ವಾಸನೆ, ಎಲ್ಲ ಒಟ್ಟಿಗೆ ಒಳಗೆ ನುಗ್ಗುತ್ತವೆ. ಲೀನವಾಗಲು ಬಿಟ್ಟರೆ ತಾನೆ!

ಸದ್ದಿನ ಮಾತು ಬಂತು, ಇದನ್ನು ಹೇಳಲೇಬೇಕು. ಇಲ್ಲಿಯ ಕೋಟೆಯಿಂದ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲೆಂದು 1861ರಲ್ಲಿ ಶುರುಮಾಡಿದ್ದು, ಭಾನುವಾರ ಇಲ್ಲ. ಮೊದಲ ದಿನ ಗೊತ್ತಿಲ್ಲದೆ ರಸ್ತೆಯಲ್ಲೇ ಕುಕ್ಕರಿಸಿದ್ದೆ. ಈಗ ಒಂದಕ್ಕೆ ಎರಡು ನಿಮಿಷ ಇದೆ ಅನ್ನುವಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆರಾಮಾಗಿ ನಿಲ್ಲುತ್ತೇನೆ. ಮಾರಿಕಾಂಬಾ ಜಾತ್ರೆಯಲ್ಲಿ ಗರ್ನಾಲು ಹೊಡೆದಾಗ ನಾನು ಬಳೆ ಅಂಗಡಿಯ ಮಂಚದಡಿ ಹೊಕ್ಕಿದ್ದು ಸದ್ದಿಗಲ್ಲ ಆಯಿ, ಯಾವಾಗ ಹೊಡೆಯುತ್ತಾರೆಂದು ಗೊತ್ತಿಲ್ಲದ್ದಕ್ಕೆ. ಮೇಷ್ಟ್ರೂ ಹಾಗೆಯೇ.

ಅದಕ್ಕೇ ಹೇಳಿದ್ದು. ಇಲ್ಲಿ ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ನನ್ನಂಥವರಿಗೆ ಬೇಕಾದ ನ್ಯಾಯವಾದ ಬದಲಾವಣೆಯನ್ನು ಕಾಲೇಜು ಮಾಡಿಕೊಡಬೇಕು, ಹೊರದೇಶದವರಾದರೂ ಸರಿ. (ಸರ್ಕಾರದ ಭತ್ಯೆ ಮಾತ್ರ ಇಲ್ಲಿಯವರಿಗಷ್ಟೇ. ಅಪ್ಪಯ್ಯ ಕೇಳುವ ಮೊದಲೇ ಹೇಳಿದೆ.) ಕಚೇರಿಯವರು ನಿಮ್ಹಾನ್ಸ್ ಕಾಗದ ನೋಡಿ ಎಲ್ಲ ಮೇಷ್ಟ್ರಿಗೂ ಒಂದು ಪಟ್ಟಿ ಕಳಿಸಿದರು. ಪಟ್ಟಿ ಯಾರು ಓದುತ್ತಾರೆ? ನಾನೇ ಅರ್ಧ ಪುಟ ಬರೆದೆ. ಮುಖ ನೋಡದಿದ್ದರೂ ಕೇಳುತ್ತಿರುತ್ತೇನೆ. ದಿಢೀರನೆ ಎಬ್ಬಿಸಿದರೆ ಗೊತ್ತಿದ್ದರೂ ಬಾಯಿ ಕಟ್ಟುತ್ತದೆ, ಪ್ರಶ್ನೆಯನ್ನು ಹಿಂದಿನ ದಿನ ಕೊಟ್ಟರೆ ಉತ್ತರ ಬರುತ್ತದೆ. ಕೋಣೆ, ಸಮಯ ಬದಲಾದರೆ ದಯವಿಟ್ಟು ಬರೆದು ತಿಳಿಸಿ. ಬಾಗಿಲ ಪಕ್ಕ ಕೂರುತ್ತೇನೆ, ನಡುವೆ ಎದ್ದು ಹೋದರೆ ಅದು ಅಗೌರವವಲ್ಲ, ಹತ್ತು ನಿಮಿಷಕ್ಕೆ ವಾಪಸು ಬರುತ್ತೇನೆ. ಇಷ್ಟೇ.

ಅಡಿಕೆಕೊನೆ ಕೊಯ್ಯಲು ಹೊಸ ಕೊನೆಗೌಡ ಬಂದಾಗ ಅಪ್ಪಯ್ಯ ಮೊದಲು ತೋಟ ಸುತ್ತಿಸಿ, ಯಾವ ಮರ ಟೊಳ್ಳು, ಯಾವ ಕಾಲುಸಂಕ ಜಾರುತ್ತದೆ ಎಂದು ತೋರಿಸುವುದಿಲ್ಲವೇ? ಅದರಿಂದ ತೋಟದ ಮಾನ ಹೋಯಿತು ಎಂದು ಯಾರೂ ಅನ್ನುವುದಿಲ್ಲ. ತೋರಿಸದೆ ಹತ್ತಿಸಿದರೆ ಅಲ್ಲವೇ ತೊಂದರೆ.

ಗಿಡಗಳ ಹೆಸರಿನ ಪಾಠ ಮಾಡುವ ಮೇಡಂ ಅವತ್ತೇ ಉತ್ತರ ಬರೆದರು, ಕೋಣೆಯ ಫೋಟೋ ಸಮೇತ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಯಾವ ಟ್ಯೂಬ್‌ಲೈಟ್ ಮಿಣುಕುತ್ತದೆ ಎಲ್ಲ ಗುರುತು ಹಾಕಿದ್ದರು. ಆ ಲೈಟನ್ನು ಅವರು ಹಚ್ಚುವುದೇ ಇಲ್ಲ. ಆದರೆ ನಾನು ಅವರನ್ನು ಗುರುತು ಹಿಡಿಯುತ್ತಿದ್ದುದು ನೀಲಿ ಕೋಟಿನಿಂದ. ಒಂದು ದಿನ ಬೇರೆ ಕೋಟು ಹಾಕಿಕೊಂಡು ಕಾರಿಡಾರಿನಲ್ಲಿ ನಕ್ಕರು, ನಾನು ಯಾರೋ ಎಂದು ದಾಟಿ ಹೋದೆ. ರಾತ್ರಿ ಕ್ಷಮೆ ಕೇಳಿ ಬರೆದರೆ, "ನನ್ನ ಅಕ್ಕನಿಗೂ ಮುಖ ನೆನಪಿರುವುದಿಲ್ಲ" ಎಂದಷ್ಟೇ ಉತ್ತರ. ಅವರೇ ನಮ್ಮನ್ನು ಇಲ್ಲಿಯ ಸಸ್ಯೋದ್ಯಾನಕ್ಕೆ ಕರೆದೊಯ್ದದ್ದು. 1670ರಲ್ಲಿ ಹುಟ್ಟಿದ ತೋಟ. ಹ್ಯೂ ಕ್ಲೆಗಾರ್ನ್ ಎಂಬ ಡಾಕ್ಟರು 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ ಅಲ್ಲಿಯ ಚಿತ್ರಕಾರನೊಬ್ಬನಿಂದ ಗಿಡಗಳ ಚಿತ್ರ ಬರೆಸಿದ್ದ, ಅವು ಇಲ್ಲಿವೆ ಆಯಿ! ನಮ್ಮ ಪಕ್ಕದ ಜಿಲ್ಲೆಯ ಬೇಲಿಗಿಡಗಳು ಇಲ್ಲಿ ಪೆಟ್ಟಿಗೆಯೊಳಗೆ. ರಾಮಪತ್ರೆ ಜಾತಿಯ ಒಂದು ಮರದ ಲ್ಯಾಟಿನ್ ಹೆಸರಿನಲ್ಲೇ ಕೆನರಾ ಇದೆ, 'ಕೆನರಿಕ' ಅಂತ. ಕತ್ತಲೆಕಾನಿನ ಜಡ್ಡಿಯಲ್ಲಿ, ಆ ಜೌಗು ಕಾಡಿನಲ್ಲಿ, ಅದರ ಬೇರು ನೀರಿನಿಂದ ಮೊಣಕಾಲಿನ ಹಾಗೆ ಮೇಲೆದ್ದಿರುವುದನ್ನು ನಾನು ನೋಡಿದ್ದೇನೆ ಎಂದೆ. ಅಲ್ಲಿಂದ ಇಪ್ಪತ್ತು ನಿಮಿಷ ನನ್ನದೇ ಮಾತು. ಯಾರೂ ನಿಲ್ಲಿಸಲಿಲ್ಲ.

ಇನ್ನೊಬ್ಬರು ಚಿಕ್ಕ ಪ್ರಾಯದವರು. ನನ್ನ ಕಾಗದ ಓದಿ, ಮಗುವಿಗೆ ಹೇಳುವ ಹಾಗೆ ಒಂದೊಂದೇ ಶಬ್ದ ಬಿಡಿಸಿ, ಗಟ್ಟಿಯಾಗಿ ಮಾತಾಡತೊಡಗಿದರು. ಒಂದು ವಾರ ತಡೆದುಕೊಂಡೆ. ಆಮೇಲೆ "ಕಿವಿ ಸರಿಯಿದೆ, ಇಂಗ್ಲಿಷೂ ಬರುತ್ತದೆ" ಎಂದು ಬರೆದೆ. ಪಾಪ, ಕೆಂಪಗಾದರು. ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಅವರೂ ಆಟಿಸ್ಟಿಕ್, 2012ರಲ್ಲಿ ಇದನ್ನೇ ಬರೆದಿದ್ದಾರೆ: ಅರ್ಥವಾಗದಿರುವುದು ನಮಗೆ ಮಾತ್ರವಲ್ಲ, ಅವರಿಗೂ ನಾವು ಅರ್ಥವಾಗುವುದಿಲ್ಲ, ತೊಂದರೆ ಎರಡೂ ದಡದ್ದು.

ಚರ್ಚೆಯ ಕ್ಲಾಸು ನನಗೆ ಎಲ್ಲಕ್ಕಿಂತ ಕಷ್ಟ. ಎಂಟು ಜನ ದುಂಡಗೆ ಕೂತು ಒಬ್ಬರ ಮಾತಿನ ಬಾಲ ಹಿಡಿದು ಇನ್ನೊಬ್ಬರು ಹೊರಡುತ್ತಾರೆ. ಎಲ್ಲಿ ಸಂದು ಸಿಗುತ್ತದೆಂದು ನನಗೆ ಕಾಣುವುದೇ ಇಲ್ಲ. ತಾಳಮದ್ದಳೆಯಲ್ಲಿ ಹಾಗಲ್ಲ. ಭಾಗವತರು ಪದ್ಯ ಹೇಳಿ ಮುಗಿಸಿದರೆಂದರೆ ಯಾರ ಅರ್ಥ ಶುರುವಾಗಬೇಕು ಎಂಬುದು ಅರ್ಥಧಾರಿಗಳಿಗೂ ಗೊತ್ತು, ಕೂತು ಕೇಳುವ ನಮಗೂ ಗೊತ್ತು. ಇದನ್ನು ಆ ಮೇಷ್ಟ್ರಿಗೆ ವಿವರಿಸಿದೆ, ಅವರಿಗೆ ಬಲು ಖುಷಿಯಾಯಿತು. ಈಗ ಹಿಂದಿನ ಸಂಜೆ ನನಗೊಂದು ಪ್ರಶ್ನೆ ಕಳಿಸುತ್ತಾರೆ. ಕ್ಲಾಸಿನಲ್ಲಿ ಪೆನ್ನಿನಿಂದ ಮೇಜಿಗೆ ಎರಡು ಸಲ ತಟ್ಟಿದರೆ ಮುಂದಿನ ಮಾತು ನನ್ನದು. ಪಕ್ಕದವರಿಗೆ ಅದೇನೆಂದು ಗೊತ್ತಿಲ್ಲ.

ನಾಲ್ಕನೆಯವರು ಓದಲೇ ಇಲ್ಲ. ಹೇಳದೆ ಕೋಣೆ ಬದಲಿಸಿದರು, ನಾನು ಹುಡುಕಿ ಹೋಗುವಷ್ಟರಲ್ಲಿ ಅರ್ಧ ಪಾಠ ಆಗಿತ್ತು. ಒಳಗೆ ಕಾಲಿಟ್ಟ ಕೂಡಲೇ ಪ್ರಶ್ನೆ. ನಿಂತೆ. ಕೆಳಗಿನಮನೆ ಮಾಣಿ ನಿಂತ ಹಾಗೆಯೇ. ನಾಲಿಗೆ ಇದ್ದಲ್ಲೇ ಮರಗಟ್ಟಿತು. ಹೊರಗೆ ಹೋಗಿ ಮೆಟ್ಟಿಲಿನ ಮೇಲೆ ಕೂತು ಗೋಡೆಯ ಇಟ್ಟಿಗೆ ಎಣಿಸಿದೆ. ಈ ವಾರ ಮತ್ತೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಹೇಳಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಬರೆಯುತ್ತಿಲ್ಲ. ನಾಲ್ಕರಲ್ಲಿ ಎರಡೂವರೆ ಸರಿಹೋಗಿದೆ.

ಮಾಣಿಯ ವಿಷಯ. ಅವನಿಗೂ ನನ್ನದೇ ಇದೆ ಎಂದು ನಾನು ಹೇಳಲಾರೆ, ಅದನ್ನು ಡಾಕ್ಟರು ಹೇಳಬೇಕು. ಆದರೆ ಸಿರ್ಸಿ ಡಿಪೋದ ಎಲ್ಲ ಬಸ್ಸಿನ ವೇಳೆ ಬಾಯಿಪಾಠ ಇರುವ ಹುಡುಗ ಬಸ್ಸು ಹತ್ತುವುದಿಲ್ಲ ಅಂದರೆ ಅದು ಸೊಕ್ಕಲ್ಲ. ನಮ್ಮಲ್ಲೂ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಶೇಕಡಾ 40ರ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಿಗಬೇಕು ಎಂದು ಕೇಂದ್ರದ ಮಾರ್ಗಸೂಚಿಯೇ ಇದೆ. ನನಗೆ ಮಾಡಿಸಲಿಲ್ಲ, ತಂಗಿಯ ಸಂಬಂಧಕ್ಕೆ ಅಡ್ಡ ಬರುತ್ತದೆಂದು. ಸಿಟ್ಟಿಲ್ಲ. ಇತ್ತು, ಈಗಿಲ್ಲ. ತಂಗಿಯನ್ನೇ ಕೇಳಿ, ಅಕ್ಕನ ಕಾರ್ಡು ನೋಡಿ ಎದ್ದು ಹೋಗುವ ಗಂಡು ಅವಳಿಗೆ ಬೇಕಾ ಅಂತ.

ಆ ಅರ್ಧ ಪುಟವನ್ನು ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಫೋಟೋ ತಂಗಿಯ ವಾಟ್ಸ್ಯಾಪಿಗೆ ಬಂದಿರುತ್ತದೆ, ಅಂಚೆಯದು ದೊಡ್ಡಹಬ್ಬದ ಹೊತ್ತಿಗೆ ಬರಬಹುದು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಆಯಿ, ನೀನೇ ಕೆಳಗಿನಮನೆಗೆ ಹೋಗು. ಅವನಪ್ಪನ ಕೈಗೆ ಕೊಡಬೇಡ, ಮಾಣಿಯ ಕೈಗೇ ಕೊಡು. ಅಲ್ಲಿಯೇ ಓದು, ಈಗಲೇ ಹೇಳು ಅನ್ನಬೇಡ, ಕೊಟ್ಟು ಬಾ. ಇದು ಯಾರದು ಎಂದು ಅವನ ಆಯಿ ಕೇಳಿದರೆ ನನ್ನ ಮಗಳದ್ದು ಅನ್ನು. ದೊಡ್ಡತ್ತೆ ಕೇಳಿದರೂ ಹೇಳು, ಹೇಗೂ ಆ ಉಪನಯನವನ್ನು ಅವಳು ನಂಬಿಲ್ಲ.

ಅಕ್ಟೋಬರ್ 26ಕ್ಕೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ. ನೀವು ಎಂದಿನ ಹಾಗೆ ಭಾನುವಾರ ರಾತ್ರಿ 8.30ಕ್ಕೇ ಮಾಡಿ, ನನಗೆ ಆಗ ಮಧ್ಯಾಹ್ನ ಮೂರು. ನಾನು ಮಾತಾಡದಿದ್ದರೆ ಇಟ್ಟುಬಿಡಬೇಡಿ. ಲೈನು ಇರುತ್ತದೆ.

ನಿಮ್ಮ ಮಗಳು

ತೊಡದೇವು ಕಳಿಸಬೇಡಿ, ಹೋದ ಸಲ ಪುಡಿಯಾಗಿ ಬಂತು. ಅಪ್ಪೆಮಿಡಿ ಉಪ್ಪಿನಕಾಯಿ ತಳ ಕಂಡಿದೆ.