ಹಂಚು ಕಾಯಿಸಿದಂತೆ ಓವನ್ ಕಾಯಿಸು

ಮಾಳಮಡ್ಡಿ, ಧಾರವಾಡ

ಚಿ. ಸೌ. ತಂಗೆವ್ವನಿಗೆ ದೊಡ್ಡವ್ವನ ಅನೇಕ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕೂಸಿನ ಹುಟ್ಟುಹಬ್ಬಕ್ಕೆಂದು ಕೈಯಾರೆ ಮಾಡಿದ ಕೇಕು ಮೇಲೆ ಕರಕಾಗಿ, ನಡುವೆ ಕುಸಿದು, ಕೊಯ್ದರೆ ಒಳಗಿನಿಂದ ಹಸಿ ಹಿಟ್ಟು ಹರಿಯಿತು ಎಂದೆ. ಬಂದವರ ಎದುರಿಗೆ ಬೇಕರಿಯಿಂದ ಬೇರೆ ತರಿಸಬೇಕಾಯಿತು, ಈ ಓವನ್ನನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ. ಕೊಡಬೇಡ. ಫೋನಿನಲ್ಲಿ ಎಲ್ಲ ಹೇಳಲು ಆಗಲಿಲ್ಲ, ಹೇಳಿದ್ದರೂ ಆ ಸಂಕಟದಲ್ಲಿ ನಿನ್ನ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಿ, ಅಡುಗೆಮನೆಯ ಮಾಡದಲ್ಲಿ ಇಟ್ಟುಕೋ.

ನಾನು ಮೂರು ಮಾತು ಕೇಳಿದ್ದೆ, ನೆನಪಿದೆಯೇ? ಓವನ್ ಎಷ್ಟು ಹೊತ್ತು ಕಾಯಿಸಿದೆ, ಡಬ್ಬಿಯನ್ನು ಯಾವ ಜಾಲರಿಯ ಮೇಲೆ ಇಟ್ಟೆ, ನಾಬನ್ನು ಎಷ್ಟಕ್ಕೆ ತಿರುಗಿಸಿದೆ ಎಂದು. ಕಾಯಿಸಲಿಲ್ಲ, ಡಬ್ಬಿ ಇಟ್ಟ ಮೇಲೆ ಸ್ವಿಚ್ ಹಾಕಿದೆ, ಮೇಲಿನ ಜಾಲರಿ, ಬೇಗ ಆಗಲೆಂದು 200ಕ್ಕೆ ಇಟ್ಟೆ ಎಂದೆ. ನಿನ್ನ ಕೇಕು ಕೆಟ್ಟದ್ದು ಆ ಮೂರು ಉತ್ತರಗಳಿಂದಲೇ.

ನೀನು ರೊಟ್ಟಿ ಬಡಿಯುವ ಮನೆಯಲ್ಲಿ ಬೆಳೆದವಳು. ಹಂಚು ಕಾಯುವ ಮೊದಲು ರೊಟ್ಟಿ ಹಾಕುತ್ತೀಯೇನು? ನೀರು ಚಿಮುಕಿಸಿ, ಹನಿ ಚುರ್ ಎಂದು ಹಾರಿದ ಮೇಲೇ ಹಾಕುತ್ತೀ. ತಣ್ಣನೆಯ ಹಂಚಿಗೆ ಹಾಕಿದ ರೊಟ್ಟಿ ಅಂಟುತ್ತದೆ, ಉಬ್ಬುವುದಿಲ್ಲ. ಓವನ್ನಿನ ಕತೆಯೂ ಅದೇ. ಸ್ವಿಚ್ ಹಾಕಿದ ಮೊದಲ ಕೆಲವು ನಿಮಿಷ ಮೇಲಿನ, ಕೆಳಗಿನ ರಾಡುಗಳು ಬಿಡುವಿಲ್ಲದೆ ಉರಿಯುತ್ತವೆ. ಒಳಗಿನ ಗಾಳಿಯೂ ಗೋಡೆಯೂ ಆಗ ಇನ್ನೂ ತಣ್ಣಗೇ ಇರುತ್ತವೆ. ಆ ಹೊತ್ತಿನಲ್ಲಿ ಡಬ್ಬಿ ಮೇಲಿನ ಜಾಲರಿಯಲ್ಲಿದ್ದರೆ ಅದನ್ನು ಕೆಂಡದ ಕೆಳಗೆ ಇಟ್ಟಂತೆಯೇ ಆಯಿತು. ಮೇಲ್ಪದರ ಸುಟ್ಟು ಗಟ್ಟಿಯಾಗುತ್ತದೆ, ನಡುವಿನ ಹಿಟ್ಟಿಗೆ ಬಿಸಿಯೇ ಮುಟ್ಟಿರುವುದಿಲ್ಲ. ಬಣ್ಣ ನೋಡಿ ಆಯಿತೆಂದು ನೀನು ಹೊರಗೆ ತೆಗೆದೆ, ಹಸಿ ನಡುಭಾಗ ಕುಸಿಯಿತು.

ನಾವು ಚಿಕ್ಕವರಿದ್ದಾಗ ಹುಬ್ಬಳ್ಳಿಯಲ್ಲಿ ದೀಪಾವಳಿ ಬಂತೆಂದರೆ ನಿಮ್ಮ ಅಜ್ಜಿ ಮೈದಾ, ಸಕ್ಕರೆ ಪುಡಿ, ತುಪ್ಪ ಕಟ್ಟಿಕೊಂಡು ನಾನ್‌ಕಟಾಯಿ ಮಾಡಿಸಲು ಬೇಕರಿಗೆ ಹೋಗುತ್ತಿದ್ದಳು. ನಾನು ಹಿಂದೆ ಹಿಂದೆ. ಇಟ್ಟಿಗೆಯ ಭಟ್ಟಿ, ಒಳಗೆ ಕತ್ತಲೆ. ಬೇಕರಿಯ ಹಿರಿಯರು ಕೆಂಡವನ್ನು ಒಂದು ಕಡೆಗೆ ಎಳೆದು, ಒಂದು ಚಿಟಿಕೆ ಹಿಟ್ಟನ್ನು ಭಟ್ಟಿಯ ನೆಲದ ಮೇಲೆ ಎಸೆದು ನೋಡುತ್ತಿದ್ದರು. ಹಿಟ್ಟು ಕ್ಷಣದಲ್ಲಿ ಕಪ್ಪಾದರೆ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಮತ್ತೆ ಎಸೆಯುತ್ತಿದ್ದರು. ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಟ್ಟೆ ಒಳಗೆ ಹೋಗುತ್ತಿತ್ತು. ಸಾಲಿನಲ್ಲಿ ಎಷ್ಟೇ ಜನ ನಿಂತಿರಲಿ, ಅವರು ಅವಸರ ಮಾಡುತ್ತಿರಲಿಲ್ಲ. ಅವರ ಭಟ್ಟಿಗೆ ಅಂಕಿಯ ಗುರುತು ಇರಲಿಲ್ಲ, ಹಾಗಾಗಿ ಅವರು ಪ್ರತಿಸಲ ಬಿಸಿಯನ್ನೇ ಕೇಳುತ್ತಿದ್ದರು. ನಮ್ಮ ಓವನ್ನಿಗೆ ಅಂಕಿ ಇರುವುದರಿಂದ ನಾವು ಕೇಳುವುದನ್ನೇ ಬಿಟ್ಟಿದ್ದೇವೆ.

ಇದು ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು. ನಾಬಿನ ಮೇಲೆ 180 ಎಂದು ಬರೆದಿದ್ದರೆ ಒಳಗೆ 180 ಇದೆ ಎಂದು ನಂಬಬೇಡ. ಮನೆಯ ಸಣ್ಣ ಓವನ್ನುಗಳಲ್ಲಿ 10ರಿಂದ 25 ಡಿಗ್ರಿ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಜಾಲರಿಗೆ ತೂಗುಹಾಕುವ ಓವನ್ ಥರ್ಮಾಮೀಟರು ಸಿಗುತ್ತದೆ. ಅದು ಬರುವ ತನಕ ಸಕ್ಕರೆಯಿಂದಲೇ ನೋಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫಾಯಿಲ್ ಹಾಳೆಯನ್ನು ಸಣ್ಣ ದೊನ್ನೆಯಂತೆ ಮಡಚಿ, ಒಂದು ಚಮಚ ಸಕ್ಕರೆಯನ್ನು ತೆಳ್ಳಗೆ ಹರಡು. ನಾಬನ್ನು 180ರ ಗುರುತಿಗಿಂತ ಒಂದು ಎಳೆ ಕೆಳಗೆ ಇಟ್ಟು, ಚೆನ್ನಾಗಿ ಕಾಯಿಸಿ, ದೊನ್ನೆಯನ್ನು ಮಧ್ಯದ ಜಾಲರಿಯಲ್ಲಿ 15 ನಿಮಿಷ ಇಡು. ಹರಳು ಹರಳಾಗಿಯೇ ಉಳಿಯಬೇಕು. ಆಮೇಲೆ ಹೊಸ ಸಕ್ಕರೆ ಹಾಕಿ, 190ಕ್ಕೆ ಏರಿಸಿ, ಮತ್ತೆ 15 ನಿಮಿಷ. ಈಗ ಕರಗಬೇಕು. ಮೊದಲ ಸಲವೇ ಕರಗಿದರೆ ನಿನ್ನ ಓವನ್ ಹೇಳುವುದಕ್ಕಿಂತ ಹೆಚ್ಚು ಕಾಯುತ್ತದೆ, ಎರಡನೆಯ ಸಲವೂ ಕರಗದಿದ್ದರೆ ಕಡಿಮೆ. ನನ್ನ ಹಳೆಯ ಓವನ್ನಿನಲ್ಲಿ ಮೊದಲ ಸಲವೇ ದೊನ್ನೆಯ ಅಂಚಿನ ಸಕ್ಕರೆ ಜೇನಿನ ಬಣ್ಣಕ್ಕೆ ತಿರುಗಿ ನೊರೆಗಟ್ಟಿತ್ತು. ಆವತ್ತಿನಿಂದ ನಾನು 160ಕ್ಕೆ ಇಟ್ಟು 180ರ ಕೆಲಸ ಮಾಡಿಕೊಂಡೆ, ಎಷ್ಟೋ ವರ್ಷ.

ಓವನ್ನಿನ ಒಳಗೂ ಎಲ್ಲ ಕಡೆ ಒಂದೇ ಬಿಸಿ ಇರುವುದಿಲ್ಲ. ತಟ್ಟೆಯ ತುಂಬ ಬ್ರೆಡ್ಡಿನ ಹೋಳುಗಳನ್ನು ಹೊಂದಿಸಿ ಕೆಲವು ನಿಮಿಷ ಇಟ್ಟು ನೋಡು. ಯಾವ ಮೂಲೆಯ ಹೋಳು ಮೊದಲು ಕೆಂಪಾಗುತ್ತದೆಯೋ ಅಲ್ಲಿ ಬಿಸಿ ಹೆಚ್ಚು. ಬಿಸ್ಕತ್ತು ಮಾಡುವಾಗ ಅರ್ಧ ಹೊತ್ತಿಗೆ ತಟ್ಟೆಯನ್ನು ತಿರುಗಿಸಿ ಇಟ್ಟರೆ ಮುಗಿಯಿತು.

ಕಾಯಿಸುವಾಗ ಓವನ್ನಿನ ದೀಪ ಆರಿದ ಕೂಡಲೇ ಡಬ್ಬಿ ಇಡಬೇಡ, ಇನ್ನೂ ಐದು ನಿಮಿಷ ತಡೆ. ಗೋಡೆಗಳಿಗೆ ಬಿಸಿ ಇಳಿದಿದ್ದರೆ ಬಾಗಿಲು ತೆರೆದು ಮುಚ್ಚಿದರೂ ಅದು ಬೇಗ ಚೇತರಿಸಿಕೊಳ್ಳುತ್ತದೆ. ಬೇಯುವಾಗ ರಾಡುಗಳು ಆರುವುದು, ಮತ್ತೆ ಕೆಂಪಾಗುವುದು ಸಹಜ. ಕೆಟ್ಟಿತೆಂದು ಗಾಬರಿಯಾಗಬೇಡ. ಫ್ಯಾನ್ ಹಾಕಿಕೊಂಡು ಬೇಯಿಸುವುದಾದರೆ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಇಳಿಸು. ಮತ್ತೆ, ಪಾಕವಿಧಾನದಲ್ಲಿ 350 ಎಂದು ಕಂಡರೆ ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 177, ಅಂದರೆ 180ರ ಹತ್ತಿರ.

ನೀನು ಕೇಕು ಇಟ್ಟದ್ದು ಸಂಜೆ ಏಳೂವರೆಗೆ. ಊರೆಲ್ಲ ದೀಪ, ಮೋಟಾರು ಹಾಕುವ ಹೊತ್ತು, ವೋಲ್ಟೇಜ್ ಇಳಿದಿರುತ್ತದೆ. 230 ಇರಬೇಕಾದಲ್ಲಿ 200 ಬಂದರೆ ಕಡಿಮೆಯಾದದ್ದು ಅಲ್ಪವೇ ಎಂದು ಅನ್ನಿಸಬಹುದು. ಆದರೆ ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 1500 ವಾಟಿನ ಓವನ್ ಆಗ ಸುಮಾರು 1130 ವಾಟಿನಷ್ಟೇ ಕೆಲಸ ಮಾಡುತ್ತದೆ. ಕಾಲುಭಾಗ ಹೋಯಿತು. ಕಾಯಲು ಅದಕ್ಕೆ ತಕ್ಕಂತೆ ತಡ. ಆದ್ದರಿಂದ ಮುಖ್ಯವಾದ ಕೇಕನ್ನು ಬೆಳಗ್ಗೆ ಹತ್ತರ ಹೊತ್ತಿಗೆ ಮಾಡಿಕೋ, ಸಂಜೆಗೆ ಅದು ತಣಿದು ಕೊಯ್ಯಲು ಹದವಾಗಿರುತ್ತದೆ. ಪತ್ರಿಕೆಯಲ್ಲಿ ಹೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿಕೊಂಡೇ ಹಿಟ್ಟು ಕಲಸು. ನಡುವೆ ಕರೆಂಟು ಹೋದರೆ ಬಾಗಿಲನ್ನು ಮಾತ್ರ ತೆರೆಯಬೇಡ, ಒಳಗಿನ ಬಿಸಿ ಸ್ವಲ್ಪ ಹೊತ್ತು ಕಾಪಾಡುತ್ತದೆ.

ಸಣ್ಣ 6 ಆಂಪಿಯರ್ ಪ್ಲಗ್ಗಿಗೆ ಎಂದೂ ಹಚ್ಚಬೇಡ. 1500 ವಾಟ್ ಎಂದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಹಚ್ಚಿದ್ದಾಗ ಪ್ಲಗ್ಗಿನ ಪ್ಲಾಸ್ಟಿಕ್ ಕರಗಿ ಗೋಡೆಗೆ ಮಸಿ ಹಿಡಿದಿತ್ತು. ಗೀಸರಿಗೆ ಇರುವಂಥ 16 ಆಂಪಿಯರ್ ಪ್ಲಗ್ಗನ್ನೇ ಹಾಕಿಸು. ಬಿಸಿ ತಟ್ಟೆಯನ್ನು ಒದ್ದೆ ಅರಿವೆಯಿಂದ ಹಿಡಿಯಬೇಡ. ನೀರು ಬಿಸಿಯನ್ನು ಕೈಗೆ ತಕ್ಷಣ ದಾಟಿಸುತ್ತದೆ. ಒಣ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿ. ಕೂಸು ಗಾಜಿನ ಬಾಗಿಲು ಮುಟ್ಟದಂತೆ ಎತ್ತರದಲ್ಲಿ ಇಡು.

ಡಬ್ಬಿಯ ಬಗ್ಗೆಯೂ ಹೇಳಬೇಕು. ನಿನ್ನದು ಕಪ್ಪು ಬಣ್ಣದ್ದು, ಓವನ್ನಿನ ಗೋಡೆಗೆ ತಾಗುವಷ್ಟು ದೊಡ್ಡದು. ಕಪ್ಪು ಡಬ್ಬಿ ಬಿಸಿಯನ್ನು ಹೆಚ್ಚು ಹೀರುತ್ತದೆ, ತಳ ಮತ್ತು ಅಂಚು ಬೇಗ ಕರಕಾಗುತ್ತವೆ. ಹೊಳೆಯುವ ಅಲ್ಯೂಮಿನಿಯಂ ಡಬ್ಬಿಯೇ ಮೇಲು. ಸುತ್ತ ಎರಡು ಬೆರಳಿನಷ್ಟು ಜಾಗ ಇರಲಿ, ಬಿಸಿ ಗಾಳಿ ಓಡಾಡಬೇಕು. ಹಿಟ್ಟನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬೇಡ.

ಈಗ ನಿನ್ನ ಮನೆಗೆ ಒಪ್ಪುವ ಕೇಕು. ಅತ್ತೆ ಮಾವನವರು ತತ್ತಿ ತಿನ್ನುವುದಿಲ್ಲ, ಆದ್ದರಿಂದ ಮೊಸರಿನದು ಮಾಡು. 240 ಮಿಲಿಲೀಟರಿನ ಕಪ್ಪಿನಲ್ಲಿ ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಚಮಚ ಎಂದರೆ 5 ಮಿಲಿಲೀಟರಿನದು, ಚಹಾ ಕಲಕುವ ಯಾವುದೋ ಚಮಚ ಆಗದು. ಮೈದಾವನ್ನು ತೂಕ ಮಾಡು, ಸುಮಾರು 190 ಗ್ರಾಂ. ಕಪ್ಪಿಗೆ ಒತ್ತಿ ತುಂಬಿದರೆ ಹಿಟ್ಟು ಎಷ್ಟೋ ಹೆಚ್ಚಾಗಿ ಕೇಕು ಇಟ್ಟಿಗೆಯಾಗುತ್ತದೆ. ಮೈದಾವನ್ನು ಮೊದಲೇ ಸಾಣಿಗೆಯಲ್ಲಿ ಹಿಡಿದಿಟ್ಟುಕೋ, ಡಬ್ಬಿಗೆ ಎಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಕಿರು. ಮೊಸರಿಗೆ ಸಕ್ಕರೆ ಕರಗಿಸಿ, ಸೋಡಾ ಮತ್ತು ಪೌಡರ್ ಹಾಕಿ ಐದು ನಿಮಿಷ ಬಿಡು. ಮೊಸರು ಪಾತ್ರೆಯಲ್ಲಿ ಮೆಲ್ಲಗೆ ಏಳುತ್ತದೆ, ಮೇಲೆಲ್ಲ ಸಣ್ಣ ಗುಳ್ಳೆ. ಆ ಗುಳ್ಳೆಗಳೇ ಕೇಕನ್ನು ಎಬ್ಬಿಸುವುದು, ಅವು ಹಾರಿ ಹೋಗುವ ಮೊದಲು ಡಬ್ಬಿ ಓವನ್ ಸೇರಬೇಕು. ಎಣ್ಣೆ ಕಲಸಿ, ಮೈದಾ ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕದಡು. ಮೈದಾವನ್ನು ಹೆಚ್ಚು ತಿಕ್ಕಿದರೆ ಚಪಾತಿಯ ಕಣಕದಂತೆ ಜಿಗುಟು ಬಂದು ಕೇಕು ಗಟ್ಟಿಯಾಗುತ್ತದೆ. 7 ಇಂಚಿನ ಡಬ್ಬಿ, ಕೇಕಿನ ನಡುಭಾಗ ಓವನ್ನಿನ ನಡುವಿಗೆ ಬರುವ ಜಾಲರಿ, ನಿಜವಾದ 180 ಡಿಗ್ರಿ, 35ರಿಂದ 40 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬೇಡ. ಮೇಲೆ ಬಣ್ಣ ಹೆಚ್ಚಾಗುತ್ತಿದ್ದರೆ ಆಮೇಲೆ ಫಾಯಿಲ್ ಮುಚ್ಚಬಹುದು. ನಡುವೆ ಕಡ್ಡಿ ಚುಚ್ಚಿ ನೋಡು, ಹಸಿ ಹಿಟ್ಟು ಅಂಟದೆ ಬರಬೇಕು. ಹತ್ತು ನಿಮಿಷ ಡಬ್ಬಿಯಲ್ಲೇ ಬಿಟ್ಟು, ಆಮೇಲೆ ಜಾಲರಿಗೆ ಕವುಚು.

ಇದು ಎರಡು ಸಲ ಸರಿಯಾಗಿ ಬಂದ ಮೇಲೆ ಮೈದಾದ ಮೂರನೆಯ ಒಂದು ಪಾಲನ್ನು ಬಿಳಿಜೋಳದ ಹಿಟ್ಟಿಗೆ ಬದಲಿಸಿ ನೋಡು. ನನಗೆ ಆ ರುಚಿಯೇ ಹೆಚ್ಚು ಇಷ್ಟ. ಅದಕ್ಕಿಂತ ಹೆಚ್ಚು ಹಾಕಬೇಡ. ಜೋಳದಲ್ಲಿ ಹಿಡಿದು ನಿಲ್ಲಿಸುವ ಜಿಗುಟು ಇಲ್ಲ, ಹೋಳು ಎತ್ತುವಾಗ ಪುಡಿಯಾಗುತ್ತದೆ.

ಓವನ್ ಕೇಕಿಗಷ್ಟೇ ಎಂದು ಮುಚ್ಚಿಡಬೇಡ. ಚಟ್ನಿಪುಡಿಗೆ ಶೇಂಗಾ ಹುರಿಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ತಟ್ಟೆಯಲ್ಲಿ ಒಂದೇ ಪದರ ಹರಡಿ, 160ರಲ್ಲಿ 15ರಿಂದ 20 ನಿಮಿಷ, ನಡುವೆ ಒಮ್ಮೆ ಕೈಯಾಡಿಸು. ಸಿಪ್ಪೆ ಬಿಡಲು ಶುರುವಾಗಿ, ಒಳಗಿನ ಬೇಳೆ ತೆಳು ಕಂದಾದಾಗಲೇ ತೆಗೆ. ಹೊರಗೆ ಬಂದ ಮೇಲೂ ಅದು ತನ್ನ ಬಿಸಿಯಲ್ಲೇ ಇನ್ನಷ್ಟು ಹುರಿಯುತ್ತದೆ. ಬದನೆಕಾಯಿಯನ್ನು ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ 200ರಲ್ಲಿ 40 ನಿಮಿಷ ಇಟ್ಟರೆ ಬೆಣ್ಣೆಯಂತೆ ಬೇಯುತ್ತದೆ. ಚುಚ್ಚದಿದ್ದರೆ ಒಳಗಿನ ಹಬೆಗೆ ಸಿಡಿಯಬಹುದು. ಕೆಂಡದಲ್ಲಿ ಸುಟ್ಟ ವಾಸನೆ ಬರುವುದಿಲ್ಲ, ಅದನ್ನು ನಿರೀಕ್ಷಿಸಬೇಡ. ಎಣ್ಣೆಗಾಯಿಯನ್ನಂತೂ ಒಲೆಯ ಮೇಲೆಯೇ ಮಾಡು. ತರಕಾರಿ ಯಾವುದೇ ಇರಲಿ, ಒಂದರ ಮೇಲೊಂದು ಹೇರಿದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ, ಕೆಂಪಾಗುವುದಿಲ್ಲ. ಬ್ರೆಡ್ಡಿನ ವಿಷಯ ಇನ್ನೊಂದು ಪತ್ರಕ್ಕೆ ಇರಲಿ.

ಒಂದು ವಹಿ ಇಟ್ಟುಕೋ. ದಿನಾಂಕ, ನಾಬಿನ ಅಂಕಿ, ಜಾಲರಿ, ನಿಮಿಷ, ಹೇಗೆ ಬಂತು, ಇಷ್ಟೇ ಬರೆ. ನನ್ನ ವಹಿಯ ಮೊದಲ ಪುಟಗಳಲ್ಲಿ ‘ತಳ ಕರಕು’, ‘ನಡುವೆ ಹಸಿ’ ಎಂದೇ ಇದೆ. ಅವನ್ನು ಓದಿಯೇ ಮುಂದಿನ ಪುಟಗಳು ಸುಧಾರಿಸಿದವು.

ನಿನ್ನ ಅವ್ವ ಬರುವ ಗುರುವಾರ ಗದಗಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ನನ್ನ ಥರ್ಮಾಮೀಟರು, 7 ಇಂಚಿನ ಅಲ್ಯೂಮಿನಿಯಂ ಡಬ್ಬಿ, ಅಳತೆಯ ಚಮಚಗಳನ್ನು ಕಳಿಸುತ್ತೇನೆ. ಅಷ್ಟರಲ್ಲಿ ಸಕ್ಕರೆ ಇಟ್ಟು ನೋಡು. ಕರಗಿತೋ ಇಲ್ಲವೋ, ಕರಗಿದ್ದರೆ ಯಾವ ಬಣ್ಣ, ಅಂದೇ ಸಂಜೆ ಫೋನು ಮಾಡಿ ತಿಳಿಸು. ನಾಬನ್ನು ಎಲ್ಲಿಗೆ ಇಡಬೇಕೆಂದು ಇಬ್ಬರೂ ಕೂಡಿ ಗೊತ್ತುಮಾಡೋಣ. ಮುಂದಿನ ಭಾನುವಾರ ಬೆಳಗ್ಗೆ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಸರಿನ ಕೇಕು ಮಾಡು. ಮೊಸರು ಉಬ್ಬುವುದನ್ನು ಅವನಿಗೆ ತೋರಿಸು.

ನಿನ್ನ ದೊಡ್ಡವ್ವ