ಚುಚ್ಚುಮದ್ದು ಮುಗಿಯುವವರೆಗೆ ನಾಯಿಮರಿ ಗೂಡಿನಲ್ಲೇ ಇರಬೇಕೇ?

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ನಾಯಿ ಸಾಕದವರು ಕಡಿಮೆ. ಒಂದು ಸೂಜಿ ಹಾಕಿಸಿದರೆ ಎಲ್ಲವೂ ಆಯಿತೆಂದು ಮರಿಯನ್ನು ರಸ್ತೆಗೆ ಬಿಡುವವರು ಕೆಲವರಾದರೆ, ಚುಚ್ಚುಮದ್ದು ಪೂರ್ತಿ ಮುಗಿಯುವವರೆಗೆ ಹೊರಗಿನ ಗಾಳಿಯೂ ಸೋಕಬಾರದೆಂದು ಅದನ್ನು ಗೂಡಿನಲ್ಲಿ ಕೂಡಿಹಾಕುವವರು ಇನ್ನು ಕೆಲವರು. ಎರಡೂ ಕ್ರಮಗಳಿಂದ ಮರಿಗೆ ಹಾನಿಯಿದೆ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯು ಮರಿಯನ್ನು ಕೆಲವು ವಾರ ಕಾಪಾಡುತ್ತದೆ; ಅದೇ ಶಕ್ತಿ ಲಸಿಕೆ ನಾಟದಂತೆಯೂ ತಡೆಯುತ್ತದೆ. ಅದು ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆಂದು ನೋಡಿ ಹೇಳಲಾಗದು. ಆದ್ದರಿಂದಲೇ 6ರಿಂದ 8 ವಾರದ ಪ್ರಾಯದಲ್ಲಿ ಮೊದಲ ಲಸಿಕೆ ಹಾಕಿಸಿ, 2ರಿಂದ 4 ವಾರಗಳ ಅಂತರದಲ್ಲಿ, ಮರಿಗೆ 16 ವಾರ ತುಂಬುವವರೆಗೆ ಪುನಃ ಪುನಃ ಹಾಕಿಸಬೇಕಾಗುತ್ತದೆ. ನಡುವೆ ಬಿಟ್ಟವರ ಮನೆಗೆ ಪಾರ್ವೊ ಎಂಬ ವೈರಸ್ ರೋಗ ಬರುವುದು ಹೀಗೆ. ನಿನ್ನೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಮರಿ ಇಂದು ವಾಂತಿ ಮಾಡಿ, ರಕ್ತ ಬೆರೆತ ಭೇದಿಯಿಂದ ಸೋತು, ನೀರಿನ ತಟ್ಟೆಯ ಬಳಿ ಮೂತಿಯಿಟ್ಟು ಮಲಗಿದರೂ ಒಂದು ಗುಟುಕು ಕುಡಿಯಲಾರದು. ಈ ವೈರಸ್ ಮಣ್ಣಿನಲ್ಲಿ, ಅದರಲ್ಲೂ ನೆರಳು ಮತ್ತು ತೇವ ಇರುವಲ್ಲಿ, ತಿಂಗಳುಗಟ್ಟಲೆ ಉಳಿಯುವುದರಿಂದ ಮರಿ ಸತ್ತ ಅಂಗಳಕ್ಕೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಕೂಡಲೇ ತರುವುದು ಸಲ್ಲದು. ಮಳೆಗಾಲದಲ್ಲಿ ಇಲಿಜ್ವರದ ಭಯವಿರುವ ನಮ್ಮ ಜಿಲ್ಲೆಯಲ್ಲಿ ಅದನ್ನು ತಡೆಯುವ ಲೆಪ್ಟೊಸ್ಪೈರಾ ಲಸಿಕೆಯನ್ನೂ ಪ್ರತಿವರ್ಷ ಮರೆಯದೆ ಹಾಕಿಸಬೇಕು.

ಹಾಗೆಂದು ಮರಿಯನ್ನು ಮುಚ್ಚಿಡುವುದು ಪರಿಹಾರವಲ್ಲ. ಹೊಸ ಮನುಷ್ಯರನ್ನು, ಹೊಸ ಸದ್ದುಗಳನ್ನು ಹೆದರದೆ ಒಪ್ಪಿಕೊಳ್ಳುವ ಗುಣ ನಾಯಿಗೆ ಕೂಡಿಬರುವುದು ಹೆಚ್ಚಾಗಿ 3ರಿಂದ 14 ವಾರಗಳ ಒಳಗೆ. ಅಂದರೆ ಲಸಿಕೆಗಳು ಪೂರ್ತಿಯಾಗುವ ಮೊದಲೇ ಆ ಕಾಲ ದಾಟಿಹೋಗುತ್ತದೆ. ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೊಂದು 2008ರಲ್ಲೇ, ಮೊದಲ ಲಸಿಕೆ ಮತ್ತು ಹುಳದ ಮದ್ದು ಕೊಟ್ಟು ಕನಿಷ್ಠ 7 ದಿನ ಕಳೆದ ಮರಿಯನ್ನು 7-8 ವಾರಕ್ಕೇ ಜನರೊಂದಿಗೆ ಮತ್ತು ಆರೋಗ್ಯವಂತ ಮರಿಗಳೊಂದಿಗೆ ಬೆರೆಸಬಹುದೆಂದು ಹೇಳಿದೆ. ನಮ್ಮಲ್ಲಿ ಇದು ಕಷ್ಟದ ಕೆಲಸವೇನಲ್ಲ. ಬೀದಿನಾಯಿಗಳು ಓಡಾಡುವ ನೆಲದ ಮೇಲೆ ಬಿಡದೆ ಮರಿಯನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಬಹುದು. ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ತೊಟ್ಟವರು, ಕೊಡೆ ಹಿಡಿದವರು, ಅಡಿಕೆಗೆ ಮದ್ದು ಬಿಡಲು ಮೈಮುಚ್ಚಿ ಬರುವವರು ಅದಕ್ಕೆ ದಿನನಿತ್ಯದ ನೋಟವಾಗಬೇಕು. ಹುಲ್ಲು ಕತ್ತರಿಸುವ ಯಂತ್ರ ತೋಟದ ಆ ತುದಿಯಲ್ಲಿ ಓಡುತ್ತಿರುವಾಗ ಈ ತುದಿಯಲ್ಲಿ ಮರಿಗೆ ಇಷ್ಟದ ತಿಂಡಿ ಕೊಟ್ಟು, ಅದು ಬಾಲ ಮಡಚದೆ ತಿಂದರೆ ಮಾತ್ರ ಮರುದಿನ ಸ್ವಲ್ಪ ಹತ್ತಿರಕ್ಕೆ ಒಯ್ಯಬೇಕು. ಹೆದರಿದ ಮರಿಯನ್ನು ಎಳೆದೊಯ್ದರೆ ಭಯ ಬಲಿಯುತ್ತದೆ. ಲಸಿಕೆಯಾದ ನೆರೆಮನೆಯ ಸಾಧು ನಾಯಿಯೊಡನೆ ಅಂಗಳದಲ್ಲಿ ಆಡಲು ಬಿಡುವುದೂ ಒಳ್ಳೆಯದೇ.

8 ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ ಎಂದು ನಾಯಿ ತಳಿ ಸಾಕಣೆಯ ಕುರಿತಾದ 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಆದರೂ ಕಣ್ಣು ಬಿಟ್ಟು ಕೆಲವೇ ದಿನವಾದ ಮರಿಗಳನ್ನು ಕೊಳ್ಳುವವರಿದ್ದಾರೆ. ಇದು ಸಲ್ಲದು, ಏಕೆಂದರೆ ಕಚ್ಚುವಾಗ ಹಲ್ಲು ಎಷ್ಟು ಊರಬೇಕೆಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗ.

ರೇಬೀಸ್ ಲಸಿಕೆ ಇವೆಲ್ಲಕ್ಕಿಂತ ಬೇರೆ. ಅದನ್ನು 3 ತಿಂಗಳಿಗೆ ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಕೇರಳದಲ್ಲಿ ನಾಯಿಗೆ ಪರವಾನಗಿ ಪಡೆಯಲು ಇದು ಕಡ್ಡಾಯವೂ ಹೌದು. ಮನೆಯ ಮರಿ ತಾನೇ ಎಂದು ಮಕ್ಕಳ ಗಾಯವನ್ನು ಮುಚ್ಚಿಡುವುದು ಅತ್ಯಂತ ಅಪಾಯಕಾರಿ. ಪುಟ್ಟ ಮರಿಯ ಹಲ್ಲು ತಾಗಿದರೂ 15 ನಿಮಿಷ ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಗಡಿಭಾಗದ ಪಂಚಾಯತುಗಳು ಲಸಿಕಾ ಶಿಬಿರ ನಡೆಸುವಾಗ ಈ ವೇಳಾಪಟ್ಟಿಯನ್ನೂ ಮರಿಯನ್ನು ಹೊರಗಿಗೆ ಒಗ್ಗಿಸುವ ಕ್ರಮವನ್ನೂ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಅಚ್ಚು ಹಾಕಿಸಿ ಹಂಚಬೇಕೆಂದು, ಮರಿಯ ಲಸಿಕೆ ಕಾರ್ಡಿನಲ್ಲಿ ಮುಂದಿನ ದಿನಾಂಕವನ್ನು ಮನೆಯವರು ಓದಬಲ್ಲ ಭಾಷೆಯಲ್ಲಿ ಬರೆದುಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓರ್ವ ಓದುಗ, ಬದಿಯಡ್ಕ